ಸೈಲೆನ್ಸರಿನ ಬಿಳಿ ಹೊಗೆ: ಹೆದರಬೇಕಾದದ್ದು ಯಾವಾಗ?

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ನಮ್ಮ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಬರಹ ರೂಪ)



ಇವತ್ತು ನಾನು ಕೆಚ್ಚಲು ಬಾವಿನ ಬಗ್ಗೆ ಮಾತನಾಡಬೇಕೆಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿದೆ. ಅದನ್ನು ಊಟವಾದ ಮೇಲೆ ಮಾತನಾಡುತ್ತೇನೆ. ಅದಕ್ಕೆ ಮುಂಚೆ ಅಧ್ಯಕ್ಷರ ಅಪ್ಪಣೆ ಪಡೆದು ಕಾರು, ಪಿಕಪ್ ಗಾಡಿಗಳ ಹೊಗೆಯ ಬಗ್ಗೆ ಸ್ವಲ್ಪ ಹೊತ್ತು ಹೇಳಬೇಕೆಂದಿದ್ದೇನೆ. ದನದ ಡಾಕ್ಟರಿಗೆ ಇಂಜಿನ್ನಿನ ಉಸಾಬರಿ ಏಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ಕೇಳಿಸಿತು. ನಗಿ, ತಪ್ಪಿಲ್ಲ. ಆದರೆ ಈ ವಿಷಯ ನನ್ನ ಬಳಿಗೆ ಬಂದದ್ದೇ ಒಂದು ಹಸುವಿನ ಮೂಲಕ.

ಒಂದು ಪುಷ್ಯ ಮಾಸದಲ್ಲಿ ನಮ್ಮ ಹಾಲಿನ ಮಾರ್ಗದ ಒಬ್ಬ ಯುವ ಸದಸ್ಯರು ನನ್ನ ಬಳಿ ಬಂದು, ಹಸು ಮಾರಬೇಕು, ಆರೋಗ್ಯ ಪತ್ರ ಬರೆದುಕೊಡಿ ಎಂದರು. ಹೆಚ್ ಎಫ್ ಮಿಶ್ರ ತಳಿ, ಎರಡನೇ ಸೂಲಿನ ಹಸು, ಏಳು ತಿಂಗಳ ಗಬ್ಬ. ಇನ್ನೆರಡು ತಿಂಗಳಿಗೆ ಕರು ಹಾಕಿ ಹಾಲಿಗೆ ನಿಲ್ಲುವ ಹಸುವನ್ನು ಈಗ ಯಾರಾದರೂ ಮಾರುತ್ತಾರೆಯೇ ಎಂದು ಕೇಳಿದೆ. ಅವರು ತಲೆ ತಗ್ಗಿಸಿ, ಕಾರಿನ ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ರಿಪೇರಿಗೆ 18,000 ರೂಪಾಯಿ ಕೇಳುತ್ತಿದ್ದಾರೆ ಎಂದರು. ಎರಡು ತಿಂಗಳ ಹಿಂದೆ ಒಂದು ಹಳೆಯ ಪೆಟ್ರೋಲ್ ಕಾರು ಕೊಂಡಿದ್ದರಂತೆ. ದಿನಾ ಬೆಳಿಗ್ಗೆ ಆಲೆಮನೆಯ ಕೊಪ್ಪರಿಗೆಯಿಂದ ಏಳುವ ಹಾಗೆ ಬಿಳಿ ಹೊಗೆ ಬರುತ್ತಿತ್ತು. ಅದನ್ನು ಕೇಳಿದ ಒಬ್ಬ ಮೆಕ್ಯಾನಿಕ್, ಬಾನೆಟ್ ಸಹ ಎತ್ತಿ ನೋಡದೆ, ಹೆಡ್ ಬಿಚ್ಚಲೇಬೇಕು ಎಂದು ತೀರ್ಪು ಕೊಟ್ಟಿದ್ದರು.

ನನಗೆ ಇಂಜಿನ್ ವಿದ್ಯೆ ಶಾಲೆಯಲ್ಲಿ ಕಲಿತು ಬಂದದ್ದಲ್ಲ. ಇಪ್ಪತ್ತು ವರ್ಷ ರಾತ್ರಿ ಹೊತ್ತು ಕಷ್ಟದ ಹೆರಿಗೆಗೆಂದು ಹಳೆಯ ಗಾಡಿಗಳಲ್ಲಿ ಹಳ್ಳಿ ಹಳ್ಳಿ ತಿರುಗಿ, ನಾಲ್ಕಾರು ಬಾರಿ ರಸ್ತೆಯಲ್ಲಿ ಕೆಟ್ಟು ನಿಂತು, ಒಳ್ಳೆಯ ಮೆಕ್ಯಾನಿಕ್ಕುಗಳ ಪಕ್ಕದಲ್ಲಿ ಕೂತು ನೋಡಿ ಕಲಿತದ್ದು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ರೇಡಿಯೇಟರಿಗೆ ಎಷ್ಟು ನೀರು ಹಾಕುತ್ತಿದ್ದೀಯಪ್ಪ ಎಂದು ಕೇಳಿದೆ. ಕೊಂಡಾಗಿನಿಂದ ಹಾಕೇ ಇಲ್ಲ ಎಂದರು. ಆರೋಗ್ಯ ಪತ್ರ ಬರೆಯುವುದಿಲ್ಲ, ನಾಳೆ ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಮನೆಗೆ ಬರುತ್ತೇನೆ, ನಾನು ಬರುವ ತನಕ ಗಾಡಿ ಚಾಲೂ ಮಾಡಬೇಡ ಎಂದು ಹೇಳಿ ಕಳಿಸಿದೆ.

ಮಾರನೆಯ ಬೆಳಿಗ್ಗೆ ಮಂಜು ಸುರಿಯುತ್ತಿತ್ತು. ಕೊಟ್ಟಿಗೆಯಲ್ಲಿ ಹಸುವಿನ ಮೂಗಿನಿಂದಲೂ ಬಿಳಿ ಹಬೆ ಏಳುತ್ತಿತ್ತು. ಅದನ್ನು ನೋಡಿ ಹಸುವಿಗೆ ಜ್ವರ ಎಂದು ನಾವು ಯಾರೂ ಹೇಳುವುದಿಲ್ಲ. ಬಾನೆಟ್ ಎತ್ತಿ, ತಣ್ಣಗಿದ್ದ ಇಂಜಿನ್ನಿನ ಕೂಲೆಂಟ್ ಡಬ್ಬಿಯಲ್ಲಿ ದ್ರವ ಎಲ್ಲಿದೆ ಎಂದು ಬಳಪದಲ್ಲಿ ಒಂದು ಗೆರೆ ಎಳೆದೆ. ಆಮೇಲೆ ಚಾಲೂ ಮಾಡಿಸಿದೆ. ಬುಸ್ಸೆಂದು ಬಿಳಿ ಹೊಗೆ ಬಂತು, ಸೈಲೆನ್ಸರ್ ತುದಿಯಿಂದ ತೊಟ್ಟು ತೊಟ್ಟು ನೀರೂ ಬಿತ್ತು. ಹೊಗೆ ಒಂದು ಮಾರು ದೂರ ಹೋಗುವಷ್ಟರಲ್ಲಿ ಗಾಳಿಯಲ್ಲಿ ಕರಗಿ ಮಾಯವಾಗುತ್ತಿತ್ತು. ವಾಸನೆಯೂ ಇಲ್ಲ. ಹಾಲು ಹಾಕುವ ಡೈರಿಯ ತನಕ ಹೋಗಿ ಬಂದೆವು, ಸುಮಾರು ಹತ್ತು ನಿಮಿಷ. ವಾಪಸು ಬಂದು ನಿಂತಾಗ ಹೊಗೆಯ ಸುಳಿವೇ ಇರಲಿಲ್ಲ. ದಿನಾ ತಣ್ಣಗಿದ್ದಾಗ ಬಳಪದ ಗೆರೆ ನೋಡು, ಎಂಟು ದಿನ ಬಿಟ್ಟು ಹೇಳು ಎಂದೆ. ಎಂಟು ದಿನವಾದರೂ ಗೆರೆ ಬಿಟ್ಟು ದ್ರವ ಒಂದು ಕೂದಲಷ್ಟೂ ಇಳಿದಿರಲಿಲ್ಲ. ಹಸು ಅವರ ಕೊಟ್ಟಿಗೆಯಲ್ಲೇ ಉಳಿಯಿತು.

ಆ ನೀರು ಬಂದದ್ದೆಲ್ಲಿಂದ? ಪೆಟ್ರೋಲಿನಿಂದಲೇ. ಪೆಟ್ರೋಲಿನಲ್ಲಿ ಜಲಜನಕವಿದೆ. ಅದು ಉರಿದಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ನೀರಾಗುತ್ತದೆ. ಒಂದು ಲೀಟರು ಪೆಟ್ರೋಲು ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರು ಹಬೆಯಾಗಿ ಹೊರಗೆ ಹೋಗುತ್ತದೆ. ಡೀಸೆಲ್ಲಿನದೂ ಹಾಗೆಯೇ. ನಂಬಲು ಕಷ್ಟ, ನನಗೂ ಮೊದಲು ಹಾಗೆಯೇ ಅನಿಸಿತ್ತು. ಸೈಲೆನ್ಸರ್ ಕಾದಿದ್ದರೆ ಈ ಹಬೆ ಕಣ್ಣಿಗೆ ಕಾಣದೆ ಹೋಗುತ್ತದೆ. ಕೊಳವೆ ತಣ್ಣಗಿದ್ದು ಹೊರಗೂ ಚಳಿಯಿದ್ದರೆ ಹಬೆ ಹನಿಗಟ್ಟಿ ಬೆಳ್ಳಗೆ ಕಾಣುತ್ತದೆ. ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಎಂದು ಸಣ್ಣ ಸಣ್ಣ ಓಟ ಓಡುವ ಗಾಡಿಗಳಲ್ಲಿ ಸೈಲೆನ್ಸರ್ ಪೂರ್ತಿ ಕಾಯುವುದೇ ಇಲ್ಲ. ಅಂಥ ಗಾಡಿಗಳ ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿದು ಬೇಗ ತೂತಾಗುವುದೂ ಈ ನೀರಿನಿಂದಲೇ. ವಾರಕ್ಕೊಮ್ಮೆ ಸಂತೆಗೋ ತಾಲ್ಲೂಕು ಕೇಂದ್ರಕ್ಕೋ ಅರ್ಧ ಗಂಟೆ ಓಡಿಸಿದರೆ ಒಳಗಿನ ತೇವ ಒಣಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ದೊಡ್ಡ ಜಾಣನಾಗಿ ಕಾಣುತ್ತಿದ್ದೆ. ಆದರೆ ಮುಂದಿನದನ್ನೂ ಹೇಳಲೇಬೇಕು.

ಈ ಸುದ್ದಿ ಸುತ್ತಮುತ್ತ ಹರಡಿತು. ತಿಂಗಳೊಪ್ಪತ್ತಿನಲ್ಲಿ ಇನ್ನೊಬ್ಬ ಸದಸ್ಯರು ಫೋನು ಮಾಡಿದರು. ಅವರದು ಡೀಸೆಲ್ ಪಿಕಪ್. ಮೂರು ಹಳ್ಳಿಯ ಕ್ಯಾನುಗಳನ್ನು ಹೊತ್ತು ಶೀತಲ ಕೇಂದ್ರಕ್ಕೆ ಮುಟ್ಟಿಸುವ ಗಾಡಿ. ಬಿಳಿ ಹೊಗೆ ಬರುತ್ತಿದೆ ಸಾರ್ ಎಂದರು. ಚಳಿಯ ಹಬೆ, ಹೆದರಬೇಡಿ ಎಂದೆ. ಅವರಿಗೆ ಸಮಾಧಾನವಾಯಿತು, ನನಗೂ ಆಯಿತು. ಬಿಸಿಲೇರಿದ ಮೇಲೂ ಬರುತ್ತದೆಯೇ, ನೀರು ಇಳಿಯುತ್ತಿದೆಯೇ ಎಂಬ ಎರಡು ಪ್ರಶ್ನೆಗಳನ್ನು ನಾನು ಕೇಳಲೇ ಇಲ್ಲ. ಫೋನಿನಲ್ಲಿ ಹಸುವಿಗೆ ಔಷಧ ಹೇಳಿ ಎಂದು ನೀವು ಕೇಳಿದರೆ, ನೋಡದೆ ಹೇಳುವುದಿಲ್ಲ ಎಂದು ಗದರಿಸುವವನು ನಾನೇ! ಅವರು ನನ್ನ ಮಾತು ನಂಬಿ ದಿನಕ್ಕೊಂದು ಚೊಂಬು ನೀರು ಹಾಕುತ್ತಾ ಮೂರು ವಾರ ಓಡಿಸಿದರು. ಒಂದು ಬೆಳಿಗ್ಗೆ ಸೆಲ್ಫ್ ಹೊಡೆದರೆ ಠಣ್ಣೆಂದು ಸದ್ದು ಮಾಡಿ ಇಂಜಿನ್ ಬಿಗಿದು ನಿಂತಿತು. ಎರಡು, ಮೂರು ಸಲ ಹೊಡೆದರು. ಬಿಚ್ಚಿ ನೋಡಿದಾಗ ಒಂದು ಸಿಲಿಂಡರಿನ ಕನೆಕ್ಟಿಂಗ್ ರಾಡು ಬಾಗಿತ್ತು. ಆ ದಿನ ಬದಲಿ ಗಾಡಿ ಸಿಕ್ಕುವಷ್ಟರಲ್ಲಿ ಬಿಸಿಲೇರಿ, ಮೂರೂ ಹಳ್ಳಿಯ ಬೆಳಗಿನ ಹಾಲು ಒಡೆದು ವಾಪಸು ಬಂತು. ಆ ಹಾಲಿನಲ್ಲಿ ಒಂದೇ ಹಸುವಿನ ಮೇಲೆ ಸಂಸಾರ ನಡೆಸುವ ಹೆಣ್ಣುಮಕ್ಕಳ ಹಾಲೂ ಇತ್ತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು.

ಅಲ್ಲಿ ಆಗಿದ್ದೇನು? ಇಂಜಿನ್ನಿನ ಕೆಳಭಾಗ ಬ್ಲಾಕು, ಮೇಲ್ಭಾಗ ಹೆಡ್ಡು. ಇವೆರಡರ ನಡುವೆ ಒಂದು ತೆಳ್ಳಗಿನ ಹಾಳೆಯೇ ಹೆಡ್ ಗ್ಯಾಸ್ಕೆಟ್. ಈ ಹಾಳೆ ಒಂದೇ ಏಟಿಗೆ ಮೂರು ವಸ್ತುಗಳನ್ನು ಬೇರೆ ಬೇರೆ ಇಟ್ಟಿರಬೇಕು: ಸಿಲಿಂಡರಿನ ಬೆಂಕಿ, ತಂಪು ಮಾಡುವ ನೀರು, ಎಣ್ಣೆ. ಎಲ್ಲಾದರೂ ಸುಟ್ಟು ಸಂದು ಬಿಟ್ಟರೆ, ಇಂಜಿನ್ ಓಡುವಾಗ ಬೆಂಕಿಯ ಅನಿಲ ನೀರಿಗೆ ನುಗ್ಗುತ್ತದೆ. ಇಂಜಿನ್ ನಿಲ್ಲಿಸಿದ ಮೇಲೆ ಒತ್ತಡದಲ್ಲಿರುವ ನೀರು ಸಿಲಿಂಡರಿಗೆ ಜಿನುಗುತ್ತದೆ. ರಾತ್ರಿಯಿಡೀ ಜಿನುಗಿ ಪಿಸ್ಟನ್ನಿನ ಮೇಲೆ ನಿಂತರೆ ಬೆಳಿಗ್ಗೆ ಕಥೆ ಮುಗಿಯಿತು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಮೇಲೇರುವ ಪಿಸ್ಟನ್ನಿಗೆ ದಾರಿಯಿಲ್ಲ, ರಾಡು ಬಾಗುತ್ತದೆ. ಆದ್ದರಿಂದ ನೀರು ಕಡಿಮೆಯಾಗುತ್ತಿರುವ ಗಾಡಿ ಬೆಳಿಗ್ಗೆ ಠಣ್ಣೆಂದು ನಿಂತರೆ ಎರಡನೇ ಸಲ ಸೆಲ್ಫ್ ಹೊಡೆಯಬೇಡಿ. ಪ್ಲಗ್ಗುಗಳನ್ನು ಬಿಚ್ಚಿಸಿ, ನೀರು ಹೊರಹೋಗಲು ದಾರಿ ಮಾಡಿ, ಆಮೇಲೆ ತಿರುಗಿಸಲಿ.

ಈಗ ಗುರುತುಗಳಿಗೆ ಬರೋಣ. ಹೊಗೆಯ ಬಣ್ಣ ಒಂದೇ ನೋಡಿ ಯಾರೂ ತೀರ್ಪು ಹೇಳಬಾರದು. ಹಾಲು ತೆಳುವಾಗಿದೆ ಎಂದ ಮಾತ್ರಕ್ಕೆ ನೀರು ಬೆರೆಸಿದ್ದಾರೆ ಎಂದು ಹೇಳಬಹುದೇ? ಗಮನಿಸಬೇಕಾದದ್ದು ಎಷ್ಟು ಹೊತ್ತು ಬರುತ್ತದೆ, ಎಂಥ ವಾಸನೆ, ಏನು ಕಡಿಮೆಯಾಗುತ್ತಿದೆ ಎಂಬುದು. ಗಾಡಿ ಚೆನ್ನಾಗಿ ಕಾದು, ಬಿಸಿಲೂ ಏರಿದ ಮೇಲೆ ದಟ್ಟವಾದ ಬಿಳಿ ಹೊಗೆ ಬರುತ್ತಲೇ ಇದ್ದರೆ, ಅದರಲ್ಲಿ ಒಂದು ಬಗೆಯ ಸಿಹಿ ವಾಸನೆ ಇದ್ದರೆ, ಕೂಲೆಂಟ್ ಉರಿಯುತ್ತಿದೆ ಎಂದು ಅನುಮಾನಿಸಿ. ರೇಡಿಯೇಟರಿಗೆ ಬರೀ ನೀರು ಹಾಕಿಕೊಂಡು ಬಂದಿದ್ದರೆ ಸಿಹಿ ವಾಸನೆ ಇರುವುದಿಲ್ಲ, ಅದನ್ನು ನಂಬಿ ಕೂರಬೇಡಿ. ನೆಲದ ಮೇಲೆ ಒಂದು ಹನಿ ಸೋರಿಲ್ಲ, ಪೈಪು ಒದ್ದೆಯಿಲ್ಲ, ಆದರೂ ದಿನದಿನಕ್ಕೆ ಡಬ್ಬಿಯ ಮಟ್ಟ ಇಳಿಯುತ್ತಿದೆ ಎಂದರೆ ಅದು ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಒಂದು ಸಿಲಿಂಡರು ತಪ್ಪಿದ ಹಾಗೆ ಅರೆ ನಿಮಿಷ ನಡುಗಿ ಆಮೇಲೆ ಸರಿಹೋಗುವುದು, ತಣ್ಣಗಿನ ಇಂಜಿನ್ ಚಾಲೂ ಆಗಿ ಒಂದೆರಡು ನಿಮಿಷಕ್ಕೇ ರೇಡಿಯೇಟರಿನ ಮೇಲಿನ ಪೈಪು ಕಲ್ಲಿನ ಹಾಗೆ ಬಿಗಿಯುವುದು, ಡಬ್ಬಿಯಲ್ಲಿ ಎಡೆಬಿಡದೆ ಗುಳ್ಳೆ ಏಳುವುದು, ಇವೆಲ್ಲ ಅದೇ ಮನೆಯ ನೆಂಟರು.

ಎಣ್ಣೆ ನೋಡುವ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಮಟ್ಟ ಏರಿದ್ದರೆ, ನೀರು ಎಣ್ಣೆಗೆ ಸೇರಿದೆ. ಆ ಗಾಡಿಯನ್ನು ಒಂದು ಫರ್ಲಾಂಗೂ ಓಡಿಸಬಾರದು, ಬೇರಿಂಗುಗಳು ಹೋಗುತ್ತವೆ. ಆದರೆ ಇಲ್ಲೂ ಒಂದು ಮೋಸವಿದೆ. ಎಣ್ಣೆ ಹಾಕುವ ಮುಚ್ಚಳದ ಒಳಮೈಯಲ್ಲಿ ಮಾತ್ರ ಬೆಣ್ಣೆಯಂಥ ಲೇಪ ಕಂಡು, ಕಡ್ಡಿಯ ಎಣ್ಣೆ ಶುದ್ಧವಾಗಿದ್ದರೆ, ಅದು ಬಹುಮಟ್ಟಿಗೆ ಚಳಿಯಲ್ಲಿ ಸಣ್ಣ ಓಟದ ಗಾಡಿಯ ತೇವ ಅಷ್ಟೇ. ಮುಚ್ಚಳ ತೋರಿಸಿ ಹೆದರಿಸುವವರೂ ಇದ್ದಾರೆ. ಕಡ್ಡಿ ತೋರಿಸಪ್ಪ ಎಂದು ಕೇಳಿ. ಇನ್ನು ಎಣ್ಣೆ ಹದವಾಗಿದ್ದ ಮಾತ್ರಕ್ಕೆ ಗ್ಯಾಸ್ಕೆಟ್ ಸರಿಯಿದೆ ಎಂದೂ ಅಲ್ಲ. ಆ ಪಿಕಪ್ಪಿನ ಎಣ್ಣೆ ಕೊನೆಯವರೆಗೂ ಚೆನ್ನಾಗಿಯೇ ಇತ್ತು.

ಅನುಮಾನ ಗಟ್ಟಿಯಾದರೆ ಹೆಡ್ ಬಿಚ್ಚುವ ಮೊದಲು ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸಿ. ರೇಡಿಯೇಟರಿನ ಬಾಯಿಗೆ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಬಿಡುತ್ತಾರೆ. ಮುಳ್ಳು ಇಳಿಯುತ್ತಾ ಹೋಗಿ ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ ನೀರು ಒಳಗೆ ಹೋಗುತ್ತಿದೆ. ಇನ್ನೊಂದು, ನೀಲಿ ದ್ರವದ ಪರೀಕ್ಷೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ಆ ದ್ರವದ ಮೂಲಕ ಎಳೆದಾಗ, ಅದರಲ್ಲಿ ಬೆಂಕಿಯ ಅನಿಲ ಸೇರಿದ್ದರೆ ಪೆಟ್ರೋಲ್ ಗಾಡಿಯಲ್ಲಿ ನೀಲಿ ಹಳದಿಯಾಗುತ್ತದೆ. ಕೆಚ್ಚಲು ಬಾವಿಗೆ ನಾವು ಬಟ್ಟಲಿನಲ್ಲಿ ಮಾಡುವ ಪರೀಕ್ಷೆಯ ತಮ್ಮ ಎಂದುಕೊಳ್ಳಿ. ಮೂರನೆಯದು ಕಂಪ್ರೆಶನ್ ಪರೀಕ್ಷೆ. ನಾಲ್ಕು ಮೊಲೆಯ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಕರೆದು ನೋಡುವಂತೆ ಒಂದೊಂದು ಸಿಲಿಂಡರಿನ ಒತ್ತಡವನ್ನೂ ಬೇರೆಯಾಗಿ ಅಳೆಯುತ್ತಾರೆ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಜೊತೆಯಾಗಿ ಕಡಿಮೆ ತೋರಿಸಿದರೆ ಅವೆರಡರ ನಡುವೆ ಗ್ಯಾಸ್ಕೆಟ್ ಸುಟ್ಟಿರುವುದು ಹೆಚ್ಚು ಸಂಭವ. ಪ್ಲಗ್ಗು ಬಿಚ್ಚಿದಾಗ ಉಳಿದವು ಕಂದು ಬಣ್ಣಕ್ಕಿದ್ದು ಒಂದು ಮಾತ್ರ ಹಬೆಯಲ್ಲಿ ತೊಳೆದಂತೆ ಫಳಫಳ ಹೊಳೆಯುತ್ತಿದ್ದರೆ ನೀರು ಬೀಳುತ್ತಿರುವುದು ಆ ಸಿಲಿಂಡರಿಗೇ.

ಡೀಸೆಲ್ ಗಾಡಿಯವರು ಇನ್ನೊಂದು ಮಾತು ಕೇಳಿಸಿಕೊಳ್ಳಬೇಕು. ಹೊಗೆಯ ಒಂದು ಪಾಲನ್ನು ತಂಪು ಮಾಡಿ ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ಕೂಲರ್ ಎಂಬ ಭಾಗ ಹಲವು ಡೀಸೆಲ್ ಗಾಡಿಗಳಲ್ಲಿ ಇರುತ್ತದೆ. ಅದರೊಳಗೂ ಕೂಲೆಂಟ್ ಹರಿಯುತ್ತದೆ. ಅದು ಒಳಗೆ ಬಿರುಕು ಬಿಟ್ಟರೂ ಬಿಳಿ ಹೊಗೆ, ನೀರು ಇಳಿಯುವುದು, ಎಲ್ಲ ಗುರುತೂ ಹಾಗೇ ಕಾಣುತ್ತದೆ. ಗ್ಯಾಸ್ಕೆಟ್ ಗಟ್ಟಿಯಾಗಿಯೇ ಇರುತ್ತದೆ. ಹೆಡ್ ಬಿಚ್ಚುವ ಮುಂಚೆ ಅದನ್ನು ಪರೀಕ್ಷಿಸಿದ್ದೀರಾ ಎಂದು ಒಂದು ಮಾತು ಕೇಳಿದರೆ ನಷ್ಟವಿಲ್ಲ.

ಡೀಸೆಲ್ ಗಾಡಿಯ ಬಿಳಿ ಹೊಗೆ ಎಂದರೆ ನೀರೇ ಆಗಬೇಕೆಂದಿಲ್ಲ, ಉರಿಯದೆ ಹೋದ ಡೀಸೆಲ್ ಸಹ ಬೆಳ್ಳಗೇ ಕಾಣುತ್ತದೆ. ಇದರ ಗುರುತು ಸುಲಭ: ಕಣ್ಣು ಉರಿಯುತ್ತದೆ, ಮೂಗಿಗೆ ಹಸಿ ಡೀಸೆಲ್ ಘಾಟು ಹೊಡೆಯುತ್ತದೆ. ಒಂದು ಬಿಳಿ ಕಾಗದವನ್ನು ಸೈಲೆನ್ಸರಿನಿಂದ ಒಂದು ಮೊಳ ದೂರದಲ್ಲಿ ಇಕ್ಕಳದಲ್ಲಿ ಸ್ವಲ್ಪ ಹೊತ್ತು ಹಿಡಿಯಿರಿ. ನೀರಿನ ಕಲೆ ಬಿಸಿಲಿಗಿಟ್ಟರೆ ಒಣಗಿ ಹೋಗುತ್ತದೆ. ಡೀಸೆಲ್ಲಿನ ಕಲೆ ಬೋಂಡಾ ಕಟ್ಟಿದ ಕಾಗದದ ಹಾಗೆ ಜಿಡ್ಡಾಗಿ ಉಳಿಯುತ್ತದೆ. ಕಾರಣಗಳು ಹಲವು. ಬೆಳಿಗ್ಗೆ ಮಾತ್ರ ಬಂದು ಕಾದ ಮೇಲೆ ನಿಂತರೆ ಗ್ಲೋ ಪ್ಲಗ್ಗುಗಳನ್ನು ಮೊದಲು ನೋಡಿಸಿ. ಕಾದ ಮೇಲೂ ಬಂದರೆ ಇಂಜೆಕ್ಟರ್ ಹನಿಸುತ್ತಿರಬಹುದು, ಹಳೆಯ ಗಾಡಿಗಳಲ್ಲಿ ಪಂಪಿನ ಟೈಮಿಂಗ್ ಹಿಂದೆ ಬಿದ್ದಿರಬಹುದು, ಪಿಸ್ಟನ್ ರಿಂಗು ಸವೆದು ಒತ್ತಡ ಸಾಲದಿರಬಹುದು. ಟ್ರ್ಯಾಕ್ಟರಿಗೆಂದು ಡ್ರಮ್ಮಿನಲ್ಲಿ ಡೀಸೆಲ್ ಇಡುವವರ ಮನೆಯಲ್ಲಿ ಬಹಳ ಸಲ ಕಾರಣ ಇನ್ನೂ ಸರಳ: ಡ್ರಮ್ಮಿನ ಒಳಮೈಗೆ ಹಿಡಿದ ತೇವ ಇಳಿದು ತಳದಲ್ಲಿ ನೀರಾಗಿ ನಿಂತಿರುತ್ತದೆ. ತಳ ಬಸಿದು ಗಾಡಿಗೆ ಹಾಕಬೇಡಿ. ಡೀಸೆಲ್ ಫಿಲ್ಟರಿನ ಕೆಳಗೆ ನೀರು ಬಿಡುವ ತಿರುಪು ಇರುತ್ತದೆ. ಇಂಜಿನ್ ನಿಲ್ಲಿಸಿ, ಒಂದು ಬಟ್ಟಲು ಹಿಡಿದು, ಶುದ್ಧ ಡೀಸೆಲ್ ಬರುವ ತನಕ ಬಿಟ್ಟು ತಿರುಪು ಬಿಗಿಯಿರಿ. ಇದಕ್ಕೆ ಖರ್ಚೇ ಇಲ್ಲ.

2020ರ ಏಪ್ರಿಲ್ ಒಂದರಿಂದ ಬಂದ ಬಿಎಸ್6 ನಿಯಮದ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಒಂದು ಜಾಲರಿ ಇರುತ್ತದೆ. ಅದು ತುಂಬಿದಾಗ ಗಾಡಿ ತಾನೇ ಆ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಆಗ ಸ್ವಲ್ಪ ಬಿಳಿ ಹೊಗೆ, ಸುಟ್ಟ ವಾಸನೆ ಬರುವುದುಂಟು. ಅದು ರೋಗವಲ್ಲ. ಆದರೆ ಆ ಹೊತ್ತಿನಲ್ಲಿ ಜಾಲರಿಯ ಬಿಸಿ 600 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಇದನ್ನು ನಾನು ಒತ್ತಿ ಹೇಳಲು ಕಾರಣ ನಿಮ್ಮ ಹುಲ್ಲಿನ ಬಣವೆ. ಅಂಥ ಗಾಡಿಯನ್ನು ಒಣಹುಲ್ಲು, ರಾಗಿ ತಾಳು, ಒಣಗಿದ ಜೋಳದ ಕಡ್ಡಿ ಹರಡಿದ ಕಣದ ಮೇಲೆ ನಿಲ್ಲಿಸಬೇಡಿ.

ನೀಲಿ ಛಾಯೆಯ ಹೊಗೆ ಎಣ್ಣೆಯದು, ಕಪ್ಪು ಹೊಗೆ ಇಂಧನ ಹೆಚ್ಚಾದದ್ದು, ಅವುಗಳ ಮಾತು ಇವತ್ತು ಬೇಡ. ಒಂದನ್ನು ಮಾತ್ರ ಸೇರಿಸುತ್ತೇನೆ. ಪೆಟ್ರೋಲ್ ಕಾರಿನಲ್ಲಿ ಬಿಳಿ ಹೊಗೆ ಬರುತ್ತಿದ್ದು, ಕೂಲೆಂಟ್ ಇಳಿಯದೆ ಬ್ರೇಕ್ ಎಣ್ಣೆಯ ಡಬ್ಬಿ ಇಳಿಯುತ್ತಿದ್ದರೆ, ಬ್ರೇಕಿನ ಮಾಸ್ಟರ್ ಸಿಲಿಂಡರಿನ ಹಿಂದಿನ ವಾಷರು ಸವೆದು, ಬ್ರೇಕ್ ಬೂಸ್ಟರಿನ ಮೂಲಕ ಆ ಎಣ್ಣೆಯನ್ನು ಇಂಜಿನ್ ಹೀರುತ್ತಿರಬಹುದು. ಅಪರೂಪ. ಆದರೆ ಅಲ್ಲಿ ಹೋಗುವುದು ಇಂಜಿನ್ನಲ್ಲ, ಬ್ರೇಕು.

ಗ್ಯಾಸ್ಕೆಟ್ ಸುಮ್ಮಸುಮ್ಮನೆ ಹೋಗುವುದಿಲ್ಲ. ಬಹಳ ಕಡೆ ಇಂಜಿನ್ ಅತಿಯಾಗಿ ಕಾದದ್ದೇ ಮೂಲ. ಅದು ಕಾಯುವುದಕ್ಕೆ ನಮ್ಮ ಕಡೆ ದೊಡ್ಡ ಕಾರಣ ಕೊಳವೆ ಬಾವಿಯ ನೀರು. ಹಂಡೆಯಲ್ಲಿ, ಗೀಸರಿನ ಸುರುಳಿಯ ಮೇಲೆ ಬೆಳ್ಳಗೆ ಸುಣ್ಣ ಕಟ್ಟುವುದನ್ನು ನೋಡಿದ್ದೀರಿ. ಅದೇ ನೀರನ್ನು ರೇಡಿಯೇಟರಿಗೆ ಹಾಕಿದರೆ ಅಲ್ಲಿಯೂ ಅದೇ ಸುಣ್ಣ ಕಟ್ಟುತ್ತದೆ, ಜೊತೆಗೆ ತುಕ್ಕು. ಸಣ್ಣ ನಳಿಗೆಗಳು ಮುಚ್ಚಿ ಬಿಸಿ ಇಳಿಯುವುದಿಲ್ಲ. ಹೆಡ್ಡು ಕಾದು ಬಾಗುತ್ತದೆ. ಈಗಿನ ಹೆಡ್ಡುಗಳು ಅಲ್ಯುಮಿನಿಯಂ ಲೋಹದವು, ಒಂದು ಕೂದಲೆಳೆಯಷ್ಟು ಬಾಗಿದರೂ ಗ್ಯಾಸ್ಕೆಟ್ ಹಿಡಿಯುವುದಿಲ್ಲ. ಆದ್ದರಿಂದ ಗಾಡಿಯ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ಹಾಕಿ, ಬೆರೆಸುವುದಿದ್ದರೆ ಬ್ಯಾಟರಿಗೆ ಹಾಕುವ ಬಟ್ಟಿ ನೀರಿನಲ್ಲಿ ಬೆರೆಸಿ. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಬಾವಿ ನೀರು ಹಾಕಿದರೆ ಊರಿಗೆ ಬಂದ ಮೇಲೆ ತೆಗೆಸಿಬಿಡಿ. ಗ್ಯಾಸ್ಕೆಟ್ ಬದಲಿಸುವಾಗಲೂ ಹೆಡ್ಡಿನ ಮಟ್ಟ ನೋಡಿಸಿ, ಬಿರುಕು ಇದೆಯೇ ಎಂದು ಒತ್ತಡ ಕೊಟ್ಟು ನೋಡಿಸಿ. ಬರೀ ಹಾಳೆ ಬದಲಿಸಿ ಮುಚ್ಚಿದರೆ ಆರು ತಿಂಗಳಿಗೆ ಮತ್ತೆ ಅದೇ ಹಾಡು.

ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಉಪಾಯ ಲಾರಿ ಚಾಲಕರಿಂದ ನಿಮಗೆಲ್ಲ ಗೊತ್ತಿದೆ. ರೇಡಿಯೇಟರಿನ ಸಣ್ಣ ತೂತಿಗೆ ಅದು ಒಂದು ದಿನದ ಮಟ್ಟಿಗೆ ತಡೆಯಾಗಬಹುದು, ಘಾಟಿಯಲ್ಲಿ ಸಿಕ್ಕಿಕೊಂಡವನನ್ನು ಮನೆ ಸೇರಿಸಬಹುದು. ಸುಟ್ಟ ಹೆಡ್ ಗ್ಯಾಸ್ಕೆಟ್ಟಿಗೆ ಅದು ಔಷಧವಲ್ಲ. ಆ ಪುಡಿ ನಳಿಗೆಗಳಲ್ಲಿ ಕೂತು ಮುಂದೆ ಇನ್ನಷ್ಟು ಕಾಯುವಂತೆ ಮಾಡುತ್ತದೆ. ಅರಿಶಿನ ಅಡಿಗೆಮನೆಯಲ್ಲೇ ಇರಲಿ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಏರಿದರೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಕಾಯಿರಿ. ಕನಿಷ್ಠ ಮುಕ್ಕಾಲು ಗಂಟೆ. ಹಾಲು ಹಾಳಾಗುತ್ತದೆಂಬ ಅವಸರದಲ್ಲಿ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಒಳಗೆ ಒತ್ತಡವಿರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಅಷ್ಟೂ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಹೀಗೆ ಮುಖ, ಎದೆ ಬೆಂದ ಒಬ್ಬ ಹುಡುಗನನ್ನು ನಾನೇ ನನ್ನ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದೇನೆ. ಕಾದ ಇಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಬೇಡ, ಬಿಸಿ ಹೆಡ್ಡು ಬಿರುಕು ಬಿಡುತ್ತದೆ. ಆ ಹೊತ್ತಿನಲ್ಲಿ ಮಾಡಬೇಕಾದ ಕೆಲಸ ಸಂಘದ ಕಾರ್ಯದರ್ಶಿಗೆ ಫೋನು ಮಾಡಿ ಬದಲಿ ಗಾಡಿ ಕೇಳುವುದು, ಕ್ಯಾನುಗಳನ್ನು ನೆರಳಿಗೆ ಇಳಿಸಿ ಒದ್ದೆ ಗೋಣಿ ಹೊದಿಸುವುದು.

ಕೊನೆಯದಾಗಿ ನನ್ನ ಇಲಾಖೆಯ ವಿಷಯ. ಒಂದು ಮನೆಯ ಅಂಗಳದಲ್ಲೇ ಕಾರಿನ ರೇಡಿಯೇಟರ್ ಬಿಚ್ಚಿ, ಹಳೆಯ ಕೂಲೆಂಟನ್ನು ಒಂದು ಬಾಂಡಲಿಗೆ ಇಳಿಸಿ ಅಲ್ಲೇ ಬಿಟ್ಟಿದ್ದರು. ಹಸಿರು ಬಣ್ಣದ ನೀರು, ರುಚಿ ಸಿಹಿ. ಮನೆಯ ನಾಯಿ ನೆಕ್ಕಿತು. ಸಂಜೆಗೆ ಹೆಂಡ ಕುಡಿದವರ ಹಾಗೆ ತೂರಾಡಿತು, ವಾಂತಿ ಮಾಡಿತು, ನೀರು ನೀರು ಎಂದು ಕುಡಿಯಿತು. ಮಾರನೆಯ ದಿನ ಚೇತರಿಸಿಕೊಂಡ ಹಾಗೆ ಕಂಡಿತಂತೆ, ಅದಕ್ಕೇ ಯಾರೂ ನನಗೆ ಹೇಳಲಿಲ್ಲ. ಮೂರನೆಯ ದಿನ ಕರೆ ಬಂದಾಗ ಮೂತ್ರ ನಿಂತುಹೋಗಿತ್ತು. ನಾನು ಮಾಡುವುದೇನೂ ಉಳಿದಿರಲಿಲ್ಲ. ಹೆಚ್ಚಿನ ಕೂಲೆಂಟುಗಳಲ್ಲಿ ಎಥಿಲೀನ್ ಗ್ಲೈಕಾಲ್ ಎಂಬ ದ್ರವ ಇರುತ್ತದೆ. ಹೊಟ್ಟೆಗೆ ಹೋದ ಮೇಲೆ ಯಕೃತ್ತಿನಲ್ಲಿ ಅದು ಆಕ್ಸಾಲಿಕ್ ಆಮ್ಲವಾಗಿ, ಸುಣ್ಣದ ಅಂಶದ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ನಾಯಿ ಬೆಕ್ಕುಗಳಿಗೆ ಸ್ವಲ್ಪವೇ ಸಾಕು. ದೊಡ್ಡ ದನಗಳು ಇನ್ನಷ್ಟು ತಡೆದುಕೊಳ್ಳುತ್ತವೆ, ಆದರೆ ಮೆಲುಕು ಹಾಕಲು ಕಲಿಯದ ಎಳೆಗರು ತಡೆಯುವುದಿಲ್ಲ. ಚಿಕಿತ್ಸೆ ಇದೆ, ಕುಡಿದ ಕೆಲವೇ ಗಂಟೆಗಳಲ್ಲಿ ಕೊಟ್ಟರೆ ಮಾತ್ರ. ಹಾಗೆ ತೂರಾಡುವ ಪ್ರಾಣಿ ಕಂಡರೆ, ರಾತ್ರಿಯಾಗಲಿ, ನನಗೆ ಫೋನು ಮಾಡಿ. ಈ ಸಲ ನೋಡದೆ ಏನೂ ಹೇಳುವುದಿಲ್ಲ, ನಾನೇ ಬರುತ್ತೇನೆ. ಇಳಿಸಿದ ಕೂಲೆಂಟನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮಕ್ಕಳ ಕೈಗೆ ಸಿಗದಂತಿಟ್ಟು, ಗ್ಯಾರೇಜಿಗೆ ಒಪ್ಪಿಸಿ. ಚರಂಡಿಗೂ ಬೇಡ, ದನ ನೀರು ಕುಡಿಯುವ ತೊಟ್ಟಿಯ ಹತ್ತಿರವಂತೂ ಬೇಡವೇ ಬೇಡ. ಆ ಬಾಂಡಲಿಯನ್ನು ಎಷ್ಟು ತೊಳೆದರೂ ಹಿಂಡಿ ಕಲಸಲು ಮತ್ತೆ ಬಳಸಬೇಡಿ.

ಹೊರಗೆ ಮರದ ಕೆಳಗೆ ಏಳೆಂಟು ಗಾಡಿ ನಿಂತಿರುವುದು ಕಾಣುತ್ತಿದೆ. ಬಂದು ಒಂದು ಗಂಟೆ ಮೇಲಾಯಿತು, ಇಂಜಿನ್ನುಗಳು ಆರಿರಬೇಕು. ಊಟಕ್ಕೆ ಮುಂಚೆ ಬಾನೆಟ್ ಎತ್ತಿ ಡಬ್ಬಿಯ ಮಟ್ಟ ನೋಡೋಣ, ಬಳಪ ನಾನು ತಂದಿದ್ದೇನೆ. ಕೆಚ್ಚಲು ಬಾವು ಎರಡು ಗಂಟೆಗೆ.